ಬಸಪ್ಪನ ಹುರುಳಿ

"ತಗೋ ನನ್ನಪ್ಪಾ, ಇನ್ನೊಂದು ಹಿಡಿ ತಗೋ," ಎನ್ನುತ್ತ ಪಟೇಲ್ ಬೋರಲಿಂಗಯ್ಯ ಹೆಗಲ ಮೇಲಿನ ಟವಲಿನ ಗಂಟು ಬಿಚ್ಚಿದ. ಒಳಗೆ ಬೇಯಿಸಿದ ಹುರುಳಿ, ಅದರ ಮೇಲೆ ಕುಟ್ಟಿದ ಬೆಲ್ಲ. ಬಸಪ್ಪ ಒರಟು ನಾಲಗೆಯಿಂದ ಅವನ ಅಂಗೈಯನ್ನು ತೊಳೆದಂತೆ ನೆಕ್ಕಿ, ಸಾಲದೆಂದು ಮೂತಿಯನ್ನು ಟವಲಿನೊಳಕ್ಕೇ ತೂರಿತು. ಪಟೇಲ ನಕ್ಕ. ನಗುವಾಗಲೂ ಅವನು ಹೋರಿಯ ಕಣ್ಣನ್ನು ನೋಡಲಿಲ್ಲ. ಅದರ ಹಣೆಗೆ ಕಟ್ಟಿದ್ದ ಹಿತ್ತಾಳೆಯ ತಗಡನ್ನು ನೋಡುತ್ತ ಕೈ ಮುಗಿದ.

ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಿದ್ದ ಚಲುವಯ್ಯ ಇದನ್ನು ಮೂರನೆಯ ದಿನ ಬೆಳಗ್ಗೆಯೂ ನೋಡುತ್ತಿದ್ದ. ಬಸಪ್ಪನನ್ನು ಸಾಕಿ ಊರೂರಿಗೆ ನಡೆಸಿಕೊಂಡು ಹೋಗುವವನು ಅವನೇ. ಸಾವನದುರ್ಗದ ಬುಡದ ಹಳ್ಳಿಯೊಂದರ ಗುಡಿಗೆ ಬಿಟ್ಟ ಹೋರಿ ಅದು. ಕಳವಾದರೆ, ಗಡಿಕಲ್ಲು ಸರಿದರೆ, ಹುಡುಗಿ ಬಸುರಾಗಿ ಗಂಡಸು ಒಪ್ಪದಿದ್ದರೆ, ಮಾಗಡಿ ಕಡೆಯವರೂ ರಾಮನಗರದ ಕಡೆಯವರೂ ಬಸಪ್ಪನನ್ನು ಕರೆಸುತ್ತಿದ್ದರು. ಗಂಡಸರನ್ನು ಸಾಲಾಗಿ ನಿಲ್ಲಿಸಿದರೆ ಬಸಪ್ಪ ಒಬ್ಬೊಬ್ಬರನ್ನೇ ಮೂಸುತ್ತ ಹೋಗಿ ತಪ್ಪು ಮಾಡಿದವನ ಮುಂದೆ ನಿಂತು ಕೊಂಬು ಆಡಿಸುತ್ತಿತ್ತು. ಅಲ್ಲಿಗೆ ತೀರ್ಪು. ಬಸಪ್ಪ ಯಾರ ಮುಂದೆ ನಿಂತಿತೋ ಅವನು ಆಮೇಲೆ ಆ ಊರಿನಲ್ಲಿ ನಿಲ್ಲುವಂತಿರಲಿಲ್ಲ.

"ಗೌಡ್ರೆ, ಅಷ್ಟೊಂದು ಹುರುಳಿ ಬ್ಯಾಡಿ. ಹೊಟ್ಟೆ ಉಬ್ಬರಿಸ್ತದೆ," ಎಂದ ಚಲುವಯ್ಯ.

"ದೇವ್ರ ಹೊಟ್ಟೆ ಕಣಯ್ಯಾ ಅದು. ನಿನ್ ಹೊಟ್ಟೆ ಅಂದ್ಕಬ್ಯಾಡ." ಪಟೇಲ ಖಾಲಿ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ದನಿ ತಗ್ಗಿಸಿದ. "ಮದ್ದಾನದ್ದು ಗ್ಯಾನ ಐತಲ್ಲ? ಸಾಬಿ ಮುಂದೆ. ನಿಂತ್ಕಬೇಕು, ಕೊಂಬು ಆಡಿಸ್ಬೇಕು. ಬೇರೆ ಏನೂ ಬ್ಯಾಡ."

"ಅದು ಬಸಪ್ಪನ ಇಷ್ಟ, ಗೌಡ್ರೆ."

"ಲೇ ಚಲುವಾ, ನಿಮ್ಮಪ್ಪನ ಕಾಲದಿಂದ ನೋಡಿವ್ನಿ ಕಣ್ಲಾ. ಬಸಪ್ಪನ ಇಷ್ಟ ನಿನ್ ಹೆಬ್ಬೆಟ್ಟಲ್ಲೈತೆ. ಆ ಗುಡಿ ಧರ್ಮದರ್ಶಿ ನನ್ ಭಾಮೈದ. ಈ ಹಗ್ಗ ಹಿಡಿಯಾಕೆ ಇನ್ನೂ ನಾಕು ಜನ ಕಾಯ್ತಾವ್ರೆ. ನೆಪ್ಪಿರ್ಲಿ."

ಚಲುವಯ್ಯನ ಎಡಗೈಯ ಹೆಬ್ಬೆರಳು ತಾನಾಗಿಯೇ ಮುಷ್ಟಿಯೊಳಗೆ ಮಡಚಿಕೊಂಡಿತು. ಪಟೇಲನ ಮಾತು ಸುಳ್ಳಾಗಿರಲಿಲ್ಲ. ಬೆನ್ನ ಮೇಲಿನ ಹಿಣಿಲಿನ ಬುಡದಲ್ಲಿ ಒಮ್ಮೆ ಒತ್ತಿದರೆ ಬಸಪ್ಪ ನಿಲ್ಲುತ್ತಿತ್ತು, ಎರಡು ಸಲ ಒತ್ತಿದರೆ ತಲೆ ತಗ್ಗಿಸಿ ಕೊಂಬು ಆಡಿಸುತ್ತಿತ್ತು. ಕಲಿಸಿದವನು ಅಪ್ಪ. "ಕಳ್ಳ ಯಾರು ಅಂತ ಊರಿಗೆ ಮೊದ್ಲೇ ಗೊತ್ತಿರ್ತದೆ ಕಣ್ಲಾ ಮಗಾ, ಬಾಯಿ ಬುಡಕ್ಕೆ ಅಂಜ್ತವೆ. ಊರಿನ ಕಣ್ಣು ಎಲ್ಲಿಗೆ ಹೋಯ್ತದೋ ನೋಡ್ಕಂಡು ಅಲ್ಲಿ ಒತ್ತು. ನಾವು ಅವ್ರ ಬಾಯಾಗ್ಬೇಕು, ಅಷ್ಟೆ," ಎಂದಿದ್ದ. ಇಪ್ಪತ್ತೆರಡು ವರ್ಷ ಚಲುವಯ್ಯ ಹಾಗೇ ಬದುಕಿದ್ದ. ತಿಪ್ಪಸಂದ್ರದ ಕಡೆ ಒಂದು ಹಳ್ಳಿಯಲ್ಲಿ ಮಾತ್ರ ಊರಿನ ಕಣ್ಣು ನೋಡಿ ಬಟ್ಟೆ ಒಗೆಯುವ ಒಬ್ಬ ಮುದುಕನ ಮುಂದೆ ಒತ್ತಿದ್ದ. ಕಳೆದಿದ್ದ ಕಿವಿಯೋಲೆ ಆರು ತಿಂಗಳ ಮೇಲೆ ರಾಗಿಯ ಹಗೇವಿನ ತಳದಲ್ಲಿ ಸಿಕ್ಕಿತು. ಅಷ್ಟರಲ್ಲಿ ಮುದುಕ ಊರು ಬಿಟ್ಟು ಎಲ್ಲಿಗೋ ಹೋಗಿಯಾಗಿತ್ತು. ಓಲೆ ಸಿಕ್ಕಿದ್ದನ್ನೂ ಊರವರು ಬಸಪ್ಪನ ಮಹಿಮೆ ಎಂದೇ ಹೇಳಿ, ಹೋರಿಗೆ ಹೊಸ ಗಂಟೆ ಕಟ್ಟಿಸಿದ್ದರು. ಆ ಗಂಟೆ ಈಗಲೂ ಅದರ ಕೊರಳಲ್ಲಿತ್ತು.

ಈ ಸಲದ್ದು ಓಲೆಯಲ್ಲ, ಕೊಲೆ.

ಸತ್ತವನು ಗಂಗಯ್ಯ, ಕೇರಿಯವನು. ಕೂಟಗಲ್ಲಿನ ಆಚೆಗಿರುವ ಈ ಬೆಣಚುಕಲ್ ದೊಡ್ಡಿಯಲ್ಲಿ ಪಟೇಲನ ಎರಡೂವರೆ ಎಕರೆ ಹಿಪ್ಪುನೇರಳೆ ತೋಟವನ್ನು ಹದಿನೈದು ವರ್ಷದಿಂದ ಗೇಣಿಗೆ ಮಾಡುತ್ತಿದ್ದ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ತೋಟ ತನಗೇ ಸೇರಬೇಕೆಂದು ಏಳನೇ ನಂಬರಿನ ಫಾರಂ ತುಂಬಿಸಿ ರಾಮನಗರದಲ್ಲಿ ಕೊಟ್ಟುಬಂದ. ಊರಿನಲ್ಲಿ ಹಾಗೆ ಮಾಡಿದವನು ಅವನೊಬ್ಬನೇ. ಟ್ರಿಬ್ಯೂನಲ್ ವಿಚಾರಣೆಗೆ ದಿನ ಗೊತ್ತಾದ ವಾರಕ್ಕೆ ಅದೇ ತೋಟದ ಬಾವಿಯಲ್ಲಿ ಹೆಣವಾಗಿ ತೇಲಿದ. ಬಾವಿಯ ಕಟ್ಟೆಯ ಮೇಲೆ ಕುಂಕುಮ, ಕೊಯ್ದ ನಿಂಬೆಹಣ್ಣು, ಮೈತುಂಬ ಮೊಳೆ ಹೊಡೆದ ಒಂದು ಮರದ ಬೊಂಬೆ. ಪೊಲೀಸರು ಬಂದು, ಕಾಲು ಜಾರಿ ಬಿದ್ದದ್ದು ಎಂದು ಬರೆದುಕೊಂಡು, ಪಟೇಲನ ಮನೆಯಲ್ಲಿ ಊಟ ಮಾಡಿ ಹೋದರು. ಊರು ಮಾಟ ಎಂದಿತು. ಗಂಗಯ್ಯನ ಹೆಂಡತಿ ದೊಡ್ಡಲಕ್ಷ್ಮಮ್ಮ ಮಾತ್ರ ಹೆಣಕ್ಕೆ ನೀರು ಹಾಕುವಾಗ ಗಂಡನ ತಲೆಯ ಹಿಂಭಾಗಕ್ಕೆ ಬೆರಳಿಟ್ಟು, "ಇಲ್ಲಿ ಹಳ್ಳ ಬಿದ್ದೈತಲ್ಲ, ಮಾಟಕ್ಕೆ ಕೈ ಇರ್ತದಾ?" ಎಂದು ಕೇಳಿದಳು. ಕೇರಿಯವರು ಆ ಪ್ರಶ್ನೆಯನ್ನು ಬಿಡಲಿಲ್ಲ. ರಾಮನಗರಕ್ಕೆ ಮೆರವಣಿಗೆ ಹೋಗುವ ಮಾತು ಎದ್ದಾಗ, ಬಸಪ್ಪನನ್ನೇ ಕರೆಸಿ ಕೇಳೋಣ ಎಂದವನು ಪಟೇಲ.

ಬೊಂಬೆ ಚನ್ನಪಟ್ಟಣದ್ದು, ಅರಗಿನ ಬಣ್ಣದ್ದು. ಊರಿನ ಕಣ್ಣು ರಸೂಲನ ಕಡೆ ತಿರುಗಿದ್ದು ಅದರಿಂದ. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ರಸೂಲ್ ರೇಷ್ಮೆಗೂಡು ಕೊಳ್ಳಲು ಸೈಕಲ್ಲಿನಲ್ಲಿ ಬರುತ್ತಿದ್ದ. ಅವನ ಹೆಂಡತಿ ನೂರ್‌ಜಹಾನಳ ತವರು ಚನ್ನಪಟ್ಟಣ, ಅಲ್ಲಿ ಮನೆಮಂದಿಯೆಲ್ಲ ಬೊಂಬೆ ಕಡೆಯುವವರು. ಬಣ್ಣ ಕೆಟ್ಟ ಬೊಂಬೆಗಳನ್ನು ರಸೂಲ್ ಹ್ಯಾಂಡಲ್ಲಿಗೆ ನೇತುಹಾಕಿಕೊಂಡು ಬಂದು ಗೂಡಿನ ಮನೆಗಳ ಮಕ್ಕಳಿಗೆ ಹಂಚುತ್ತಿದ್ದ. ಅಂಥ ಬೊಂಬೆ ಇಲ್ಲದ ಮನೆಯೇ ಊರಿನಲ್ಲಿರಲಿಲ್ಲ, ಪಟೇಲನ ಮೊಮ್ಮಗಳ ಬಳಿ ಮೂರಿದ್ದವು. ಅದನ್ನು ಊರು ನೆನೆಯಲಿಲ್ಲ. ಎಂಟು ವರ್ಷದಿಂದ ಆ ತೋಟದ ಗೂಡನ್ನು ಗಂಗಯ್ಯನ ಕೈಯಿಂದಲೇ ಕೊಂಡಿದ್ದೇನೆ ಎಂದು ಟ್ರಿಬ್ಯೂನಲ್ ಮುಂದೆ ಸಾಕ್ಷಿ ಹೇಳಬೇಕಾಗಿದ್ದವನು ಇದೇ ರಸೂಲ್. ಅದನ್ನು ನೆನೆಯುವುದು ಊರಿಗೆ ಬೇಕಿರಲಿಲ್ಲ.

ಪಟೇಲ ಒಳಗೆ ಹೋದ ಮೇಲೆ ಚಲುವಯ್ಯ ಹಗ್ಗ ತೆಗೆಯಲೆಂದು ಗೋಡೆಯ ಮಾಡಕ್ಕೆ ಕೈ ಹಾಕಿದ. ಹೊಗೆಸೊಪ್ಪಿನ ಹಳೆಯ ಡಬ್ಬಿಯೊಂದು ಕೈ ತಗುಲಿ ಕೆಳಗೆ ಬಿತ್ತು. ಚೆಲ್ಲಿದ್ದು ಲಾಳದ ಮೊಳೆಗಳು. ಚೌಕದ ಮೈ, ಅಗಲವಾಗಿ ಬಡಿದ ತಲೆ. ಮೂಲೆಯಲ್ಲಿ ಪಟೇಲನ ಗಾಡಿ ಎತ್ತುಗಳು ಮೆಲುಕು ಹಾಕುತ್ತಿದ್ದವು. ಆ ಊರಿನಿಂದ ಟಾರು ರಸ್ತೆಗೆ ಗಾಡಿ ಹೊಡೆಯುವವನು ಪಟೇಲನೊಬ್ಬನೇ. ಉಳಿದವರ ಎತ್ತುಗಳು ಹೊಲ ಬಿಟ್ಟು ಹೋಗುತ್ತಿರಲಿಲ್ಲ, ಅವಕ್ಕೆ ಲಾಳದ ಸುದ್ದಿಯೇ ಇಲ್ಲ. ಚಲುವಯ್ಯ ಮೊಳೆಗಳನ್ನು ಆರಿಸಿ ತುಂಬಿ ಡಬ್ಬಿಯನ್ನು ಮೇಲಿಟ್ಟ. ಆಗ ಅವನಿಗೆ ಏನೂ ಅನ್ನಿಸಲಿಲ್ಲ.

ಮಧ್ಯಾಹ್ನ ಮಾರಿಗುಡಿಯ ಮುಂದೆ ಗಂಡಸರು ಸಾಲಾಗಿ ನಿಂತರು. ಕೇರಿಯವರ ಸಾಲು ಬೇರೆ, ಇಪ್ಪತ್ತು ಮಾರು ಆಚೆ, ಹೊಂಗೆಮರದ ಕೆಳಗೆ. ಬಸಪ್ಪ ಅವರ ತನಕ ಹೋದರೆ ವಾಪಸು ಬರುವಾಗ ಮೈ ತೊಳೆಯಲು ಒಂದು ಕೊಳಗ ನೀರನ್ನೂ ತಂದಿಟ್ಟಿದ್ದರು. ರಸೂಲನನ್ನು ಊರಿನ ಸಾಲಿನ ಕೊನೆಯಲ್ಲಿ, ಯಾರಿಗೂ ಮೈ ತಾಗದಂತೆ, ಒಂಟಿಯಾಗಿ ನಿಲ್ಲಿಸಿದ್ದರು. ಪಟೇಲ ಗುಡಿಯ ಜಗಲಿಯ ಮೇಲೆ ಕೂತಿದ್ದ, ಪಕ್ಕದಲ್ಲಿ ಪಂಚಾಯ್ತಿ ಛೇರ್ಮನ್ ಹನುಮಂತಯ್ಯ.

"ಎಲ್ಲಾ ಗಂಡಸ್ರೂ ಸಾಲ್ನಲ್ಲಿ ನಿಂತವ್ರಾ?" ಹೊಂಗೆಮರದ ಕೆಳಗಿನಿಂದ ದೊಡ್ಡಲಕ್ಷ್ಮಮ್ಮ ಕೇಳಿದಳು.

"ನಿಂತವ್ರೆ ಸುಮ್ಕಿರಮ್ಮಿ," ಎಂದ ಹನುಮಂತಯ್ಯ.

"ಜಗಲಿ ಮ್ಯಾಲೆ ಕುಂತಿರಾರು ಗಂಡಸ್ರಲ್ವಾ?"

ಕೇರಿಯ ಕಡೆಯಿಂದ ಯಾರೋ ಕಿಸಕ್ಕೆಂದರು. ಹನುಮಂತಯ್ಯ ಎದ್ದು ನಿಂತ. "ಏಯ್, ಅವಳ ಬಾಯಿ ಮುಚ್ಚುಸ್ರೋ ಒಸಿ. ದೇವ್ರ ಕೆಲ್ಸ ನಡೀತಾ ಐತೆ ಇಲ್ಲಿ."

ಗುಡಿಯೊಳಗಿನಿಂದ ಒಂದು ಮಡಕೆ ತಂದು ಚಲುವಯ್ಯನ ಮುಂದಿಟ್ಟರು. ಅರಿಶಿನದ ಬಟ್ಟೆ ಸುತ್ತಿದ ಬೊಂಬೆ ಅದರಲ್ಲಿತ್ತು. ಬಾವಿಕಟ್ಟೆಯಿಂದ ಅದನ್ನು ಇಕ್ಕಳದಲ್ಲಿ ಎತ್ತಿ, ಕಣ್ಣು ಮುಚ್ಚಿಕೊಂಡು ಬಟ್ಟೆ ಸುತ್ತಿದ್ದರು. ಹನ್ನೆರಡು ದಿನದಿಂದ ಒಬ್ಬರೂ ಅದನ್ನು ಬಿಚ್ಚಿ ನೋಡಿರಲಿಲ್ಲ. ನೋಡಿದವರ ಮೇಲೆ ತಿರುಗುತ್ತದೆ ಎಂಬ ಭಯ. ಪೊಲೀಸರೂ ದೂರದಿಂದಲೇ ನೋಡಿದ್ದರು. ಬಸಪ್ಪನಿಗೆ ಮೂಸಿಸಬೇಕಾದ್ದರಿಂದ ಅದನ್ನು ಮುಟ್ಟುವ ಕೆಲಸ ಚಲುವಯ್ಯನ ಪಾಲಿಗೆ ಬಂತು.

ಅವನು ಬಟ್ಟೆ ಬಿಚ್ಚಿದ. ಕೆಂಪು ಅಂಗಿಯ, ಹಳದಿ ಟೋಪಿಯ ಸಿಪಾಯಿ ಬೊಂಬೆ. ಎದೆಗೆ, ಹೊಟ್ಟೆಗೆ, ಎರಡು ಕಣ್ಣಿಗೆ ಮೊಳೆ. ಚೌಕದ ಮೈ, ಅಗಲವಾಗಿ ಬಡಿದ ತಲೆ.

ಚಲುವಯ್ಯ ಒಂದೊಂದೇ ಮೊಳೆಯ ತಲೆಯ ಮೇಲೆ ಬೆರಳಾಡಿಸುತ್ತ ಕೂತ. ಬಸಪ್ಪ ಬೊಂಬೆಯನ್ನು ಮೂಸಿ, ಅದರಲ್ಲಿ ತಿನ್ನುವಂಥದ್ದೇನೂ ಕಾಣದೆ ಮೂತಿ ತಿರುಗಿಸಿತು.

"ಏನಯ್ಯಾ, ನಿದ್ದೆ ಬಂತಾ?" ಎಂದ ಪಟೇಲ ಜಗಲಿಯಿಂದ.

ಚಲುವಯ್ಯ ಬೊಂಬೆಯನ್ನು ಸೊಂಟದ ಪಂಚೆಗೆ ಸಿಕ್ಕಿಸಿಕೊಂಡು ಎದ್ದ. ಎಡಗೈಯಲ್ಲಿ ಹಗ್ಗ, ಹೆಬ್ಬೆರಳು ಹಿಣಿಲಿನ ಬುಡದಲ್ಲಿ. ಸಾಲು ಶುರುವಾಯಿತು. ಬಸಪ್ಪ ಮುಂದೆ ಬಂದಂತೆಲ್ಲ ಒಬ್ಬೊಬ್ಬರೂ ಉಸಿರು ಬಿಗಿಹಿಡಿದು, ದಾಟಿದ ಮೇಲೆ ಬಿಡುತ್ತಿದ್ದರು. ಎಲ್ಲರ ಕಣ್ಣೂ ಸಾಲಿನ ಕೊನೆಯಲ್ಲಿತ್ತು. ಅಪ್ಪ ಹೇಳಿಕೊಟ್ಟಿದ್ದ ಲೆಕ್ಕದಲ್ಲಿ ಇದಕ್ಕಿಂತ ಸಲೀಸಾದ ಕೆಲಸ ಅವನಿಗೆ ಎಂದೂ ಬಂದಿರಲಿಲ್ಲ. ಊರಿನ ಕಣ್ಣು ಇಷ್ಟು ಒಗ್ಗಟ್ಟಾಗಿ ಒಂದೇ ಕಡೆ ನೋಡಿದ್ದನ್ನು ಅವನು ಕಂಡಿರಲಿಲ್ಲ.

ರಸೂಲನ ಗಡ್ಡದಲ್ಲಿ ಬೆವರು ಇಳಿಯುತ್ತಿತ್ತು. ಬಿಸಿನೀರಿನ ಬೋಗುಣಿಯಲ್ಲಿ ದಿನವೆಲ್ಲ ಅದ್ದಿ ಅದ್ದಿ ಬಿಳಿಚಿಕೊಂಡ ಬೆರಳುಗಳನ್ನು ಅವನು ಎದೆಯ ಮೇಲೆ ಕಟ್ಟಿಕೊಂಡಿದ್ದ. "ಚಲುವಣ್ಣ," ಎಂದ ಮೆಲ್ಲಗೆ, "ಒಸಿ ನೋಡ್ಕಂಡು ನಿಲ್ಸಪ್ಪ. ನಂಗೆ ಕೊಂಬು ಆಡ್ಸಾಕೆ ಮನೇಲಿ ನೂರ್‌ಜಹಾನ್ ಒಬ್ಳು ಸಾಕು." ನಗಲು ಹೋದ. ನಗು ಬರಲಿಲ್ಲ.

ಚಲುವಯ್ಯ ಹೆಬ್ಬೆರಳು ತೆಗೆದ. ಹಗ್ಗವನ್ನು ಹೋರಿಯ ಕೊರಳಿನಿಂದ ಬಿಚ್ಚಿ ತನ್ನ ಹೆಗಲಿಗೆ ಹಾಕಿಕೊಂಡ. ಇಪ್ಪತ್ತೆರಡು ವರ್ಷದಲ್ಲಿ ಅವನು ಸಾಲಿನ ಮುಂದೆ ಹಗ್ಗ ಬಿಚ್ಚಿದ್ದು ಅದೇ ಮೊದಲು.

"ಹೋಗಪ್ಪಾ," ಎಂದ. "ಎಲ್ಲಿಗಾದ್ರೂ ಹೋಗು."

ಬಸಪ್ಪ ನಿಂತು ಕಿವಿ ಆಡಿಸಿತು. ರಸೂಲನ ತೋಳನ್ನು ಒಮ್ಮೆ ಮೂಸಿತು. ಆಮೇಲೆ ನಿಧಾನವಾಗಿ ತಿರುಗಿ, ಗಂಟೆ ಬಾರಿಸುತ್ತ, ಬಂದ ದಾರಿಯನ್ನೇ ಹಿಡಿದು ಜಗಲಿಯ ಕಡೆ ನಡೆಯಿತು. ಎರಡು ಮೆಟ್ಟಿಲು ಹತ್ತಿ ಪಟೇಲನ ಮುಂದೆ ನಿಂತು, ತಲೆ ತಗ್ಗಿಸಿ, ಅವನ ಹೆಗಲಿಗೆ ಮೂತಿಯಿಂದ ತಿವಿಯಿತು.

"ಹೋಗು, ಹೋಗು ನನ್ನಪ್ಪಾ," ಎಂದು ಪಟೇಲ ಹಿಂದಕ್ಕೆ ಸರಿದ. ಹೋರಿ ಮುಂದೆ ಬಂತು. ಅವನು ಗೋಡೆಗೆ ಒತ್ತಿಕೊಂಡು ಎರಡೂ ಕೈ ಮುಗಿದ. ಮುಖ ಬೂದಿ ಬಳಿದಂತಾಗಿತ್ತು. "ಮೂರು ದಿನ ನಾನೇ ಕೈಯಾರೆ ತಿನ್ನಿಸಿಲ್ವಾ ನಿಂಗೆ? ಆ ಕಡೆ ಹೋಗಪ್ಪಾ. ಅತ್ಲಾಗೆ ತಿರುಗಿಸ್ಲಾ ಇದ್ನ, ಚಲುವಾ!" ಬಸಪ್ಪ ಟವಲಿನ ಗಂಟು ಹುಡುಕುತ್ತ ಅವನ ಕತ್ತನ್ನು ನೆಕ್ಕಿತು. ಕೊಂಬು ಅತ್ತಿತ್ತ ಆಡಿತು.

ಹೊಂಗೆಮರದ ಕೆಳಗಿನಿಂದ ಒಂದು ಗುಜುಗುಜು ಎದ್ದು ದೊಡ್ಡದಾಗತೊಡಗಿತು. ಹನುಮಂತಯ್ಯನಿಗೆ ಅದು ಕೇಳಿಸಿತು. ಥಟ್ಟನೆ ಎದ್ದು ಎರಡೂ ಕೈ ಮೇಲೆತ್ತಿದ. "ನೋಡಿ, ನೋಡಿ! ಬಸಪ್ಪ ಗೌಡ್ರ ಮನೆತನಕ್ಕೆ ಆಶೀರ್ವಾದ ಮಾಡ್ತಾವ್ನೆ! ಮೈ ನೆಕ್ಕಿದ್ದು ಕಂಡ್ರಾ? ತಪ್ಪು ಮಾಡಿದ್ರೆ ನೆಕ್ತಾನಾ?"

ಸಾಲಿನಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಚಲುವಯ್ಯನ ಕಡೆ ತಿರುಗಿದರು. ಬಸಪ್ಪ ಮಾಡಿದ್ದಕ್ಕೆ ಅರ್ಥ ಹೇಳಬೇಕಾದವನು ಅವನು. ಅವನು ಹೋರಿಯನ್ನು ಹಿಡಿಯಲು ಜಗಲಿ ಹತ್ತಿದಾಗ ಪಟೇಲ ಅವನ ಕಿವಿಯ ಹತ್ತಿರ ಉಸುರಿದ: "ಆಶೀರ್ವಾದ ಅನ್ನು. ಸಾಬೀನೂ ಬುಟ್ಬುಡ್ತೀವಿ. ಯಾರ ತಂಟೇನೂ ಬ್ಯಾಡ. ಬಸಪ್ಪ ನಿನ್ನ ಜೊತೇಲೇ ಇರ್ತಾನೆ, ಸಾಯಾವರ್ಗೂ."

ಚಲುವಯ್ಯ ಬಸಪ್ಪನ ಕೊರಳ ಕೆಳಗೆ ಜೋಲುವ ಗಂಗೆದೊಗಲಿನ ಮೇಲೆ ಕೈಯಾಡಿಸಿದ. ಕರುವಾಗಿದ್ದಾಗ ಇದಕ್ಕೆ ಜ್ವರ ಬಂದು, ಹನ್ನೊಂದು ದಿನ ಪಕ್ಕದಲ್ಲೇ ಮಲಗಿ ಬೆರಳಿನಲ್ಲಿ ಗಂಜಿ ಚೀಪಿಸಿದ್ದ. ಮದುವೆ ಆದದ್ದು ತಡವಾಗಿ, ಹೆಂಡತಿ ತೀರಿಹೋದದ್ದು ಬೇಗ. ಮನೆ ಎಂದರೆ ಇದರ ಕೊಟ್ಟಿಗೆಯೇ. ಆಶೀರ್ವಾದ ಎಂದರೆ ರಸೂಲ್ ಮನೆಗೆ ಹೋಗುತ್ತಾನೆ. ಪಟೇಲನೇ ಕೊಂದವನು, ಬಸಪ್ಪ ತೋರಿಸಿದ ಎಂದರೆ ಕೇರಿಯವರು ನಂಬುತ್ತಾರೆ. ಬಹುಶಃ ಊರೂ ನಂಬುತ್ತದೆ. ಎರಡೂ ಅವನ ಬಾಯಲ್ಲೇ ಇದ್ದವು. ಎರಡರಲ್ಲೂ ಬಸಪ್ಪ ದೇವರಾಗಿಯೇ ಉಳಿಯುತ್ತಿತ್ತು.

ತಿಪ್ಪಸಂದ್ರದ ಮುದುಕ ಗಂಟುಮೂಟೆ ಹೊತ್ತು ಹೋಗುವಾಗ ಬಸಪ್ಪನ ಪಾದ ಮುಟ್ಟಿ ನಮಸ್ಕಾರ ಮಾಡಿ ಹೋಗಿದ್ದ.

"ಬಸಪ್ಪ ಏನೂ ಹೇಳಿಲ್ಲ," ಎಂದ ಚಲುವಯ್ಯ.

"ಜೋರಾಗೇಳ್ಲಾ," ಎಂದರು ಹಿಂದಿನವರು.

"ಬಸಪ್ಪ ಏನೂ ಹೇಳಿಲ್ಲ! ಹುರುಳಿ ಕೇಳ್ತು. ಮೂರು ದಿನದಿಂದ ಗೌಡ್ರು ಟವಲಲ್ಲಿ ಕಟ್ಕಂಡ್ ಬಂದು ತಿನ್ನುಸ್ತಾವ್ರೆ, ಅದ್ಕೆ ಬಂತು. ಎಲ್ಲಾರ ಎದ್ರೂ ಬಂದು ನಿಂತ್ಕಳಾದು ನನ್ ಹೆಬ್ಬೆಟ್ಟಿಗೆ. ನಮ್ಮಪ್ಪ ಕಲ್ಸಿದ್ದು. ಬಸಪ್ಪಂಗೆ ಏನೂ ಗೊತ್ತಿಲ್ಲ, ಪಾಪ." ಅವನು ಸೊಂಟದಿಂದ ಬೊಂಬೆ ತೆಗೆದು ಮೇಲೆ ಹಿಡಿದ. ಮುಂದಿನ ಸಾಲು ಎರಡು ಹೆಜ್ಜೆ ಹಿಂದೆ ಸರಿಯಿತು. "ಹೆದ್ರುಕಬ್ಯಾಡಿ. ಇದ್ನ ನೋಡಿ, ಕಣ್ ಬುಟ್ಟು ನೋಡಿ. ಇವು ಲಾಳದ ಮೊಳೆ. ಈ ಊರಲ್ಲಿ ಲಾಳ ಕಟ್ಟಿದ ಎತ್ತು ಯಾರ ಮನೇಲವೆ?"

ಆ ಪ್ರಶ್ನೆಗೆ ಬೊಂಬೆಯನ್ನು ನೋಡುವ ಅಗತ್ಯವೂ ಇರಲಿಲ್ಲ. ಲಾಳದ ಸದ್ದು ಕೇಳಿದರೆ ದಾರಿ ಬಿಟ್ಟು ನಿಲ್ಲುವುದನ್ನು ಕೇರಿಯ ಮಕ್ಕಳೂ ಕಲಿತಿದ್ದರು.

ಮೊದಲ ಏಟು ಪಟೇಲನ ಕಡೆಯವರದಲ್ಲ. ಸಾಲಿನ ನಡುವೆ ನಿಂತಿದ್ದ, ಹಿಂದಿನ ವರ್ಷ ಕಳೆದ ಕುರಿಗಳನ್ನು ಬಸಪ್ಪನಿಂದ ಪತ್ತೆ ಮಾಡಿಸಿಕೊಂಡಿದ್ದ ಒಬ್ಬ ಸಾಧು ಮನುಷ್ಯ ಓಡಿಬಂದು ಚಲುವಯ್ಯನ ಬಾಯಿಗೆ ಗುದ್ದಿದ. "ದೇವ್ರಿಗೆ ಹುರುಳಿ ಅಂತೀಯೇನ್ಲಾ ಬೋಳಿಮಗನೆ!" ಆಮೇಲೆ ಸಾಲೇ ಬಂತು. ಹನ್ನೆರಡು ದಿನ ಗಂಗಯ್ಯನ ಹೆಣಕ್ಕೆ ಬಾರದ ಸಿಟ್ಟು ಒಂದು ಹಿಡಿ ಹುರುಳಿಗೆ ಬಂತು. ಪಟೇಲ ಗೋಡೆಗೆ ಒರಗಿಕೊಂಡೇ ಇದ್ದ. ಅವನನ್ನು ಯಾರೂ ನೋಡುತ್ತಿರಲಿಲ್ಲ. ಚಲುವಯ್ಯನನ್ನು ಬಿಡಿಸಿಕೊಂಡವರು ಕೇರಿಯವರು. ಇಪ್ಪತ್ತು ಮಾರು ದಾಟಿ ಅವರು ಗುಡಿಯ ಅಂಗಳಕ್ಕೆ ಬಂದದ್ದನ್ನು ಆ ಗದ್ದಲದಲ್ಲಿ ಯಾರೂ ಗಮನಿಸಲಿಲ್ಲ. ಬಸಪ್ಪನಿಗೆಂದು ಇಟ್ಟಿದ್ದ ಕೊಳಗದ ನೀರಿನಲ್ಲೇ ಅವನ ಮುಖದ ರಕ್ತ ತೊಳೆದರು.

ಹನುಮಂತಯ್ಯ ಹೋರಿಯನ್ನು ಪಟೇಲನ ಕೊಟ್ಟಿಗೆಗೆ ಹೊಡೆಸಿದ. ಸಾವನದುರ್ಗದ ಗುಡಿಯವರಿಗೆ ಹೇಳಿ ಕಳಿಸುತ್ತೇನೆ, ಇನ್ನು ಇವನು ಬಸಪ್ಪನ ನೆರಳೂ ಮುಟ್ಟಬಾರದು ಎಂದ. ಬಸಪ್ಪ ತಿರುಗಿ ನೋಡಲಿಲ್ಲ. ಕೊಟ್ಟಿಗೆಯ ಕಡೆಯಿಂದ ಬೇಯುತ್ತಿದ್ದ ಹುರುಳಿಯ ವಾಸನೆ ಬರುತ್ತಿತ್ತು.

ದೊಡ್ಡಲಕ್ಷ್ಮಮ್ಮ ಧೂಳಿನಲ್ಲಿ ಬಿದ್ದಿದ್ದ ಬೊಂಬೆಯನ್ನು ಎತ್ತಿಕೊಂಡಳು. ತುಳಿತಕ್ಕೆ ಅದರ ಟೋಪಿ ಮುರಿದಿತ್ತು, ಮೊಳೆಗಳು ಹಾಗೇ ಇದ್ದವು. ಸೆರಗಿನ ತುದಿಯಲ್ಲಿ ಅದನ್ನು ಇಟ್ಟು ಎರಡು ಗಂಟು ಹಾಕಿದಳು.

"ಸಾಬಣ್ಣ, ಮಂಗಳವಾರ ಅಲ್ವಾ ಟ್ರಿಬ್ಯೂನಲ್ಲು?"

"ಹೂಂ ಕಣಕ್ಕ," ಎಂದ ರಸೂಲ್. ಸೈಕಲ್ಲನ್ನು ಯಾರೋ ಚರಂಡಿಗೆ ತಳ್ಳಿದ್ದರು. ಅದನ್ನು ಎತ್ತಿ, ಮುಂದಿನ ಚಕ್ರವನ್ನು ತೊಡೆಗಳ ನಡುವೆ ಸಿಕ್ಕಿಸಿಕೊಂಡು ಸೊಟ್ಟಗಾದ ಹ್ಯಾಂಡಲ್ಲನ್ನು ನೇರ ಮಾಡುತ್ತಿದ್ದ. "ಬತ್ತೀನಿ. ಅವ್ರು ಕರೀದಿದ್ರೂ ಬತ್ತೀನಿ."

"ಅದು ಮಂಗಳವಾರದ್ದಾಯ್ತು. ಇದ್ನ ಇವತ್ತೇ ಠಾಣೇಲಿ ಮಡಗ್ತೀನಿ. ಜಾರಿ ಬಿದ್ದ ಅಂತ ಬರದೋನ ಮೇಜಿನ ಮ್ಯಾಲೆ." ಅವಳು ಚಲುವಯ್ಯನ ಕಡೆ ತಿರುಗಿದಳು. "ಹೇಳಾಕೆ ನೀನೂ ಬತ್ತೀಯಾ?"

"ನನ್ ಮಾತ್ನ ಇನ್ಯಾರು ನಂಬ್ತಾರವ್ವಾ?" ಎಂದ ಅವನು ಊದಿದ ತುಟಿಯಲ್ಲಿ.

"ನಾನ್ ನಂಬಿವ್ನಿ," ಎಂದು ಅವಳು ನಡೆಯತೊಡಗಿದಳು.

ಮೂವರೂ ರಾಮನಗರದ ರಸ್ತೆ ಹಿಡಿದರು. ದೊಡ್ಡಲಕ್ಷ್ಮಮ್ಮ ಮುಂದೆ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡು. ಅವಳ ಹಿಂದೆ ಸೈಕಲ್ಲು ತಳ್ಳಿಕೊಂಡು ರಸೂಲ್. ಎಲ್ಲರಿಗಿಂತ ಹಿಂದೆ, ಹೆಗಲ ಮೇಲೆ ಖಾಲಿ ಹಗ್ಗ ಹಾಕಿಕೊಂಡು ಚಲುವಯ್ಯ. ಬಿಸಿಲಿಗೆ ಟಾರು ಮೆತ್ತಗಾಗಿತ್ತು. ಬಂಡೆಯ ತಿರುವಿನಲ್ಲಿ ಒಂದು ಲಾರಿ ಹಾರನ್ ಹೊಡೆಯುತ್ತ ಎದುರಾಯಿತು. "ಹೋ, ಹೋ," ಎನ್ನುತ್ತ ಚಲುವಯ್ಯ ರಸ್ತೆಯ ಅಂಚಿಗೆ ಸರಿದು ನಿಂತ, ಎಡಗಡೆ ಒಂದು ಹೋರಿ ನಿಲ್ಲುವಷ್ಟು ಜಾಗ ಬಿಟ್ಟು.